ಹೌದೋ ಅಲ್ಲವೋ ಹೇಳಿ

ಮಾವನ ಮುಖದ ಸುತ್ತ ಕೆಂಪು ಗೆರೆ ಎಳೆದ ಫೋಟೋ ಸೊಸೆಯ ಫೋನಿಗೆ ಬಂದದ್ದು ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ. ಅವಳು ಅಡುಗೆಮನೆಯ ಮೇಜಿನ ಮುಂದೆ ಕೂತು ಬೀನ್ಸ್ ಹೆಚ್ಚುತ್ತಿದ್ದಳು. ಮಾವ ಅಲ್ಲೇ ಕಿಟಕಿಯ ಬಳಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಮೊಮ್ಮಗಳ ಕಂಪಾಸ್ ಡಬ್ಬಿಯ ಮುರಿದ ಕೀಲು ಸರಿಮಾಡುತ್ತಿದ್ದರು. ಫೋಟೋದಲ್ಲಿದ್ದದ್ದೂ ಅದೇ ಕನ್ನಡಕ. ಭಾನುವಾರ ಅವಳೇ ಇಸ್ತ್ರಿ ಮಾಡಿಕೊಟ್ಟ ಚೌಕಳಿ ಅಂಗಿ. ಕೆಳಗೆ ಒಂದೇ ಸಾಲು: "ಇವತ್ತಿನ ಕೆಲಸ ಇವರು. ಸಂಜೆ ಆರರೊಳಗೆ."

ಚಾಕು ಬೀನ್ಸ್ ಬಿಟ್ಟು ಹೆಬ್ಬೆರಳಿಗೆ ತಾಗಿತು.

"ಏನಾಯ್ತಮ್ಮಾ?" ಮಾವ ತಲೆಯೆತ್ತಿದರು.

"ಏನಿಲ್ಲ ಮಾವ, ಚಾಕು ತಾಗ್ತು."

"ಫೋನ್ ನೋಡ್ಕೊಂಡು ಹೆಚ್ಚಬೇಡ ಅಂತ ಎಷ್ಟು ಸಲ ಹೇಳೋದು. ಹೋಗು, ಕೈ ತೊಳ್ಕೋ. ಕಾಯಿಸಿದ ನೀರಲ್ಲಿ ತೊಳ್ಕೋ. ನಲ್ಲಿ ನೀರು ಬೇಡ."

ಮಾವ ಊರಿನ ಪಂಪ್ ಹೌಸಿನಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು. ಬೀದಿಯವರೆಲ್ಲ ಅವರನ್ನು ಪಂಪಿನವರು ಎಂದೇ ಕರೆಯುವುದು. ನಿವೃತ್ತಿಯಾದ ಮೇಲೂ ವಾರಕ್ಕೊಮ್ಮೆ ಅತ್ತ ಹೋಗಿ, ಈಗಿನ ಆಪರೇಟರ್ ಜೊತೆ ಚಹಾ ಕುಡಿದು, ಮೋಟಾರಿನ ಸದ್ದು ಕೇಳಿ ಬರದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಹಾಗೆ ಹೋದಾಗಲೇ ನೀರಿಗೆ ಕ್ಲೋರಿನ್ ಬೆರೆಸುವ ಯಂತ್ರ ನಿಂತುಹೋಗಿರುವುದು ಕಣ್ಣಿಗೆ ಬಿದ್ದದ್ದು. ಎರಡು ಅರ್ಜಿ ಕೊಟ್ಟರು. ಉತ್ತರವಿಲ್ಲ. ಭಾನುವಾರ ವಾರ್ಡಿನ ಸಭೆಗೆ ಹೋಗಿ, ನಗರಸಭೆಯ ಸದಸ್ಯರು ಹೊಸ ಉದ್ಯಾನದ ಬಗ್ಗೆ ಮಾತಾಡುತ್ತಿದ್ದಾಗ ಎದ್ದು ನಿಂತು ಕೇಳಿದರು: "ಸ್ವಾಮಿ, ಕ್ಲೋರಿನ್ ಯಂತ್ರ ಕೆಟ್ಟು ಮೂರು ತಿಂಗಳಾಯ್ತು. ಹೌದೋ ಅಲ್ಲವೋ ಹೇಳಿ, ಸಾಕು." ಸದಸ್ಯರು ನಕ್ಕರು. ಮಾವ ಮತ್ತೆ ಕೇಳಿದರು. ಮೂರನೆಯ ಸಲ ಕೇಳುವಷ್ಟರಲ್ಲಿ ಸದಸ್ಯರ ನಗು ಇಂಗಿಹೋಗಿತ್ತು. ಯಾರೋ ಅದನ್ನು ಫೋನಿನಲ್ಲಿ ಹಿಡಿದು ಬಿಟ್ಟಿದ್ದರು.

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಹದಿಮೂರು ವರ್ಷದ ಮೊಮ್ಮಗಳು ಕುರ್ಚಿಯ ಮೇಲೇ ಕುಣಿದಿದ್ದಳು. "ತಾತಾ, ಅರವತ್ತು ಸಾವಿರ ಜನ ನೋಡಿದ್ದಾರೆ ನಿನ್ನ!"

"ಅರವತ್ತು ಸಾವಿರಾನಾ? ನಮ್ಮೂರಲ್ಲಿ ಅಷ್ಟು ನಲ್ಲೀನೇ ಇಲ್ವಲ್ಲೇ," ಎಂದು ಮಾವ ಬ್ರೆಡ್ಡಿಗೆ ಬೆಣ್ಣೆ ಎರಡು ಪದರ ಹೆಚ್ಚಾಗಿಯೇ ಸವರಿಕೊಂಡಿದ್ದರು. ಅತ್ತೆ ಮಾತ್ರ, "ಮುಖ ಕ್ಷೌರಾನಾದ್ರೂ ಮಾಡ್ಕೊಂಡು ಹೋಗಬಾರದಿತ್ತಾ? ಊರೆಲ್ಲ ನೋಡೋ ಹಾಗಾಯ್ತು," ಎಂದು ಗೊಣಗಿದ್ದರು.

ಸೊಸೆ ಬಚ್ಚಲಿಗೆ ಹೋಗಿ ಬೆರಳಿಗೆ ಬಟ್ಟೆ ಸುತ್ತಿಕೊಂಡು, ಬಾಗಿಲು ಹಾಕಿ, ಫೋಟೋವನ್ನು ಮತ್ತೆ ತೆರೆದಳು. ತಪ್ಪು ಕಂಡಿರಬಹುದೆಂಬ ಆಸೆ ಒಂದು ಕ್ಷಣ ಇತ್ತು.

ಅವಳ ಕೆಲಸವೇನೆಂದು ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಸಾಬೂನು, ಮಿಕ್ಸರು, ಚಪ್ಪಲಿಗಳ ಬಗ್ಗೆ ಗ್ರಾಹಕರ ಹಾಗೆ ಅಭಿಪ್ರಾಯ ಬರೆಯುವುದು ಎಂದು ಹೇಳಿದ್ದಳು. ಮೊದಲ ನಾಲ್ಕು ತಿಂಗಳು ಅದು ನಿಜವೂ ಆಗಿತ್ತು. ಆಮೇಲೆ ಸಾಬೂನು ಹೋಗಿ ಮನುಷ್ಯರು ಬಂದರು. ಹೊಗಳಬೇಕಾದವರ ಹೆಸರು ಒಂದು ದಿನ, ತೆಗಳಬೇಕಾದವರದು ಇನ್ನೊಂದು ದಿನ. ಅವಳ ಕೈಯಲ್ಲಿ ಹನ್ನೆರಡು ಖಾತೆಗಳಿದ್ದವು. ಎರಡು ಮಕ್ಕಳ ತಾಯಿ, ಕಾಲೇಜು ಹುಡುಗ, ಗುಲಾಬಿ ಹೂವಿನ ಫೋಟೋ ಹಾಕಿಕೊಂಡ ಒಬ್ಬಳು, ಮಾಜಿ ಸೈನಿಕ, ಹೀಗೆ. ಅವರಲ್ಲೆಲ್ಲ ಜನ ಹೆಚ್ಚು ನಂಬುತ್ತಿದ್ದದ್ದು 'ನಿವೃತ್ತ ನೌಕರ' ಎಂಬ ಹೆಸರಿನವನನ್ನು. ಅವನು ಪ್ರತಿ ಸಲವೂ "ನಾನು ಕಂಡದ್ದು ಹೇಳ್ತೀನಿ, ಕೇಳಿದ್ದಲ್ಲ" ಎಂದು ಶುರುಮಾಡುತ್ತಿದ್ದ. ಅದು ಮಾವನ ಮಾತು. ಹದಿನಾಲ್ಕು ವರ್ಷ ಊಟ ಬಡಿಸುತ್ತ ಕೇಳಿದ ಮಾತುಗಳನ್ನೇ ಅವಳು ಆ ಖಾತೆಗೆ ತೊಡಿಸಿದ್ದಳು.

ಕೆಲಸ ಕೊಡುವವರನ್ನು ಅವಳು ನೋಡಿರಲಿಲ್ಲ. ಮೇಡಂ ಎನ್ನುತ್ತಿದ್ದರು ಎಲ್ಲರೂ. ದನಿ ಜೇನಿನಂತಿತ್ತು. "ಚಿನ್ನ, ನಿಮ್ಮ ಹನ್ನೆರಡೂ ಜನರ ಕೈಲಿ ಬರೆಸಿಬಿಡಿ," ಎಂದು ಆ ದಿನವೂ ದನಿಯಲ್ಲೇ ಸಂದೇಶ ಕಳಿಸಿದರು.

"ಜ್ವರ ಬಂದಿದೆ ಮೇಡಂ," ಎಂದು ಸೊಸೆ ಬರೆದಳು.

ಅವಳಿಗೆ ಈ ಕೆಲಸದ ನಡೆ ಗೊತ್ತಿತ್ತು. ಹೆದರಿಕೆಯಾದದ್ದೂ ಅದಕ್ಕೇ. ಮೊದಲ ದಿನ ನಗಬೇಕು. ಎರಡನೆಯ ದಿನ ಅನುಮಾನ ಹುಟ್ಟಿಸಬೇಕು. ಮೂರನೆಯ ದಿನ ಮನೆಯ ಗೇಟಿನ ಫೋಟೋ ಬರುತ್ತದೆ. ಅದನ್ನು ಯಾರು ತೆಗೆಯುತ್ತಾರೆಂದು ಬರೆಯುವವರಿಗೆ ತಿಳಿಯುವುದಿಲ್ಲ. ಎರಡು ತಿಂಗಳ ಹಿಂದೆ ಒಬ್ಬ ಮುಖ್ಯೋಪಾಧ್ಯಾಯಿನಿಯ ಗೇಟಿನ ಫೋಟೋ ಕೆಳಗೆ ಗುಲಾಬಿ ಹೂವಿನವಳ ಕೈಯಲ್ಲಿ "ಅಕ್ಕಪಕ್ಕದವರು ಎಚ್ಚರ" ಎಂದು ಬರೆಸಿದ್ದಳು. ಆಮೇಲೆ ಆ ಮುಖ್ಯೋಪಾಧ್ಯಾಯಿನಿ ಏನಾದರೆಂದು ಕೇಳಲು ಹೋಗಿರಲಿಲ್ಲ. ಮರುದಿನ ಬೇರೆ ಕೆಲಸ ಇತ್ತು.

ಅಂದು ಮಧ್ಯಾಹ್ನದಿಂದಲೇ ಅವಳಂತೆ ಕಾಸಿಗೆ ಬರೆಯುವ ಉಳಿದವರು ಬರೆಯತೊಡಗಿದರು. ಆ ಕೈಗಳನ್ನೆಲ್ಲ ಅವಳು ಬಲ್ಲಳು. ಸಾಲಿನ ಕೊನೆಗೆ ಮೂರು ಆಶ್ಚರ್ಯಸೂಚಕ ಹಾಕುವವಳು, 'ಮುದುಕ' ಎಂಬುದನ್ನು ಯಾವಾಗಲೂ ತಪ್ಪಾಗಿ ಬರೆಯುವವನು. ಸಂಜೆ ಮೊಮ್ಮಗಳು ಊಟದ ಮೇಜಿನ ಮೇಲೆ ಓದಿ ಹೇಳಿದಳು. "ತಾತ, ನಿನ್ನ 'ತುಕ್ಕು ಹಿಡಿದ ಪಂಪು' ಅಂತಿದ್ದಾರೆ."

"ತುಕ್ಕಾ? ವರ್ಷಕ್ಕೆರಡು ಸಲ ಬಣ್ಣ ಬಳೀತಿದ್ದೆ ಕಣೇ ನಾನು," ಎಂದು ಮಾವ ನಕ್ಕರು.

ಸೊಸೆ ಎದ್ದು ತನ್ನ ತಟ್ಟೆಯನ್ನು ಅಡುಗೆಮನೆಗೆ ಒಯ್ದಳು.

ಮಂಗಳವಾರ ಬೆಳಿಗ್ಗೆ ಗಂಡ ಕೆಲಸಕ್ಕೆ ಹೊರಟು ಶೂ ಕಟ್ಟಿಕೊಳ್ಳುತ್ತಿದ್ದಾಗ ಅವಳು ಹತ್ತಿರ ಹೋದಳು. ಅವನು ಲಿಫ್ಟ್ ಮೆಕ್ಯಾನಿಕ್. ಮಾತು ಕಡಿಮೆ, ಸಿಟ್ಟು ಬೇಗ.

"ರೀ, ಮಾವನ್ನ ಒಂದು ಹದಿನೈದು ದಿನ ನಿಮ್ಮ ಅಕ್ಕನ ಮನೆಗೆ ಕಳಿಸೋಣ."

"ಯಾಕೆ?"

"ಸುಮ್ನೆ. ಹವಾ ಬದಲಾಗತ್ತೆ."

"ಅಕ್ಕನ ಮನೇಲಿ ಮಲಗೋಕೆ ಜಾಗ ಇಲ್ಲ, ಹವಾ ಎಲ್ಲಿಂದ ಬರುತ್ತೆ? ಏನು ವಿಷಯ ಹೇಳು."

ಅವಳು ಊಟದ ಡಬ್ಬಿ ತಂದು ಅವನ ಕೈಗಿತ್ತಳು. ಬಾಯಿಯವರೆಗೂ ಬಂದದ್ದನ್ನು ನುಂಗಿಕೊಂಡಳು. ಗಂಡ ಚೀಲ ಹೆಗಲಿಗೇರಿಸಿ ಹೋದ.

ಹತ್ತು ಗಂಟೆಗೆ ಅನುಮಾನ ಶುರುವಾಯಿತು. ಎಷ್ಟಕ್ಕೆ ಮಾರಿಕೊಂಡ ಈ ಅಜ್ಜ? ಯಾರು ಹೇಳಿಕೊಟ್ಟು ಕಳಿಸಿದ್ದು? ಪಂಪ್ ಹೌಸಿನಲ್ಲಿದ್ದಾಗ ಡೀಸೆಲ್ ಕದ್ದವನಂತಲ್ಲ? ಈ ಕೊನೆಯದನ್ನು ಬರೆದದ್ದು ಮಾಜಿ ಸೈನಿಕನಂಥದೇ ಇನ್ನೊಂದು ಖಾತೆ. ಪಂಪ್ ಹೌಸಿನ ಮೋಟಾರು ಓಡುವುದು ಕರೆಂಟಿನಲ್ಲಿ ಎಂದು ಕೇಳುವವರೇ ಇರಲಿಲ್ಲ. ಒಂದು ಗಂಟೆಯಲ್ಲಿ ಮುನ್ನೂರು ಜನ ಹೌದು ಹೌದು ಎಂದರು. ಅವರಲ್ಲಿ ಎಷ್ಟು ಜನ ನಿಜವಾಗಿ ಇರುವವರು, ಎಷ್ಟು ಜನ ಇಲ್ಲದವರು ಎಂದು ಅವಳಿಗೇ ಹೇಳಲು ಬರುತ್ತಿರಲಿಲ್ಲ. ಬೀದಿಯ ಕೊನೆಯ ಔಷಧಿ ಅಂಗಡಿಯವನು ಅದಕ್ಕೆ ಮೆಚ್ಚುಗೆ ಒತ್ತಿದ್ದ. ಅವನಂತೂ ಇರುವವನೇ. ಮಾವನ ರಕ್ತದೊತ್ತಡದ ಮಾತ್ರೆ ಕೊಡುತ್ತಿದ್ದವನು.

ತಡೆಯಲಾಗಲಿಲ್ಲ ಅವಳಿಗೆ. 'ನಿವೃತ್ತ ನೌಕರ'ನನ್ನು ತೆರೆದು ಬರೆದಳು: "ನಾನು ಕಂಡದ್ದು ಹೇಳ್ತೀನಿ, ಕೇಳಿದ್ದಲ್ಲ. ಈ ಮನುಷ್ಯ ಮೂವತ್ತೊಂದು ವರ್ಷ ಈ ಊರಿಗೆ ನೀರು ಕೊಟ್ಟಿದ್ದಾನೆ. ಅವನು ಕೇಳಿದ್ದಕ್ಕೆ ಉತ್ತರ ಕೊಡಿ. ಯಂತ್ರ ಕೆಟ್ಟಿದೆಯೋ ಇಲ್ಲವೋ?"

ನಿಮಿಷಗಳಲ್ಲಿ ಅದಕ್ಕೆ ನೂರಾರು ಜನ ಸೇರಿದರು. ಗಾಳಿ ತಿರುಗಿದಂತೆ ಕಂಡಿತು. ಅವಳು ಮೊದಲ ಸಲ ನೀಳವಾಗಿ ಉಸಿರು ಬಿಟ್ಟಳು. ಅಷ್ಟರಲ್ಲಿ ಫೋನ್ ಬಂತು.

"ಚಿನ್ನ, ಜ್ವರ ತಲೆಗೇರಿತಾ?"

"ಕೈ ತಪ್ಪಿತು ಮೇಡಂ. ಅಳಿಸ್ತೀನಿ."

"ಇಷ್ಟುದ್ದ ಕೈ ತಪ್ಪುತ್ತಾ?" ಆ ಕಡೆ ಕಾಗದ ಮಗುಚುವ ಸದ್ದು. ಆಮೇಲೆ ದನಿ ಇನ್ನೂ ಮೆತ್ತಗಾಯಿತು. "ಓ. ನೀವು ಅದೇ ವಾರ್ಡು. ಅದೇ ಬೀದಿ. ನಿಮ್ಮ ಫಾರಂ ನನ್ನ ಮುಂದೇನೇ ಇದೆ ಚಿನ್ನ. ಅವರು ನಿಮಗೆ ಏನಾಗಬೇಕು?"

ಸೊಸೆ ಫೋನನ್ನು ಅಂಗೈಯಿಂದ ಮುಚ್ಚಿಕೊಂಡಳು. ಆದರೆ ಹಾಲ್‌ನಿಂದ ಮಾವ, "ಅಮ್ಮಾ, ಒಂದು ಲೋಟ ಚಹಾ ಸಿಗುತ್ತಾ?" ಎಂದು ಕೂಗಿದ್ದು ಫೋನಿಗೆ ಕೇಳಿಸಿತೆಂದು ಅವಳಿಗೆ ಖಾತ್ರಿಯಾಯಿತು.

"ಗೊತ್ತಾಯ್ತು ಬಿಡಿ," ಎಂದರು ಮೇಡಂ. ಹತ್ತು ನಿಮಿಷದಲ್ಲಿ ಹನ್ನೆರಡು ಖಾತೆಗಳೂ ಅವಳ ಫೋನಿನಿಂದ ಹೋದವು.

ಬುಧವಾರ ಗೇಟಿನ ಫೋಟೋ ಬಂತು. ತಂತಿಯ ಮೇಲೆ ಅತ್ತೆಯ ಸೀರೆ, ಮೊಮ್ಮಗಳ ಶಾಲೆಯ ಸಮವಸ್ತ್ರ ಒಣಗುತ್ತಿದ್ದವು. ಅತ್ತೆ ಒಂದೇ ಉಸಿರಿಗೆ ಹೊರಗೆ ಹೋಗಿ ಒದ್ದೆ ಬಟ್ಟೆಗಳನ್ನೆಲ್ಲ ಬಾಚಿ ಒಳಗೆ ತಂದು ಕುರ್ಚಿಗಳ ಬೆನ್ನಿಗೆ ಹರವಿದರು. ಮಧ್ಯಾಹ್ನ ಹೆಲ್ಮೆಟ್ ತೆಗೆಯದ ಇಬ್ಬರು ಬೈಕಿನಲ್ಲಿ ಬಂದು, ಗೇಟಿನ ಮುಂದೆ ಇಂಜಿನ್ ಆರಿಸದೆ ಐದು ನಿಮಿಷ ನಿಂತು ಹೋದರು. ಏನೂ ಮಾಡಲಿಲ್ಲ, ಏನೂ ಅನ್ನಲಿಲ್ಲ. ಆ ಐದು ನಿಮಿಷ ಅತ್ತೆ, ಸೊಸೆ ಇಬ್ಬರೂ ಅಡುಗೆಮನೆಯ ಗೋಡೆಗೆ ಒರಗಿ ನಿಂತಿದ್ದರು.

ಸಂಜೆ ಪಂಪ್ ಹೌಸಿನ ಆಪರೇಟರ್ ಫೋನ್ ಮಾಡಿದ. "ಅಣ್ಣಾ, ಕಾಲಿಗೆ ಬೀಳ್ತೀನಿ, ಯಂತ್ರದ ವಿಷಯ ನಾನು ಹೇಳಿದ್ದು ಅಂತ ಎಲ್ಲೂ ಬಾಯಿ ಬಿಡಬೇಡಿ."

"ನೀನು ಹೇಳಲೇ ಇಲ್ವಲ್ಲಪ್ಪ. ನಾನೇ ಕಣ್ಣಾರೆ ನೋಡಿದ್ದು," ಎಂದರು ಮಾವ. ಫೋನಿಟ್ಟ ಮೇಲೆ ತುಂಬ ಹೊತ್ತು ಕೈಯನ್ನು ಅದರ ಮೇಲೇ ಇಟ್ಟುಕೊಂಡು ಕೂತರು.

ಗುರುವಾರ ಮಗಳು ಶಾಲೆಯಿಂದ ಅರ್ಧ ದಿನಕ್ಕೇ ಬಂದಳು. ಚೀಲ ಬಿಸಾಡಿ ಸೀದಾ ಅಮ್ಮನ ಎದುರು ನಿಂತು ಫೋನ್ ಹಿಡಿದಳು. ಅದರಲ್ಲಿ ಸೊಸೆ ಕೆಲಸಕ್ಕೆ ಸೇರುವಾಗ ತುಂಬಿಕೊಟ್ಟ ಫಾರಂ ಇತ್ತು. ಅವಳ ಫೋಟೋ, ಅವಳ ಸಹಿ, ಅವಳ ಬೀದಿ. ಮೇಲೆ ದಪ್ಪಕ್ಷರದಲ್ಲಿ: "ಪ್ರಶ್ನೆ ಕೇಳಿದ ಪಂಪಿನವನ ಸೊಸೆಯೇ ಕಾಸಿಗೆ ಕಾಮೆಂಟ್ ಬರೆಯುವವಳು. ಈಗ ಗೊತ್ತಾಯಿತೆ ನಾಟಕ?"

"ಇದು ನೀನಾ ಅಮ್ಮಾ?"

ಅಂದು ಗಂಡನೂ ಮನೆಯಲ್ಲಿದ್ದ. ಎರಡು ಅಪಾರ್ಟ್‌ಮೆಂಟಿನವರು ಈ ವಾರ ಬರುವುದು ಬೇಡ ಎಂದಿದ್ದರು. ಅತ್ತೆ ಸೌಟು ಹಿಡಿದುಕೊಂಡೇ ಬಂದರು. ಮಾವ ಕಿಟಕಿಯ ಬಳಿಯಿಂದ ಕದಲಲಿಲ್ಲ.

"ಹೌದು," ಎಂದಳು ಸೊಸೆ. "ಮಂಗಳವಾರ ತಾತನ ಪರವಾಗಿ ಬರೆದ ಆ 'ನಿವೃತ್ತ ನೌಕರ'ನೂ ನಾನೇ."

"ಸಾಬೂನು ಅಂದಿದ್ಯಲ್ಲೇ?" ಅತ್ತೆಯ ದನಿ ಸಣ್ಣಗಾಗಿತ್ತು. "ನಾನು ನೆಂಟರಿಷ್ಟರಿಗೆಲ್ಲ ಹೇಳ್ಕೊಂಡು ಬಂದೆ. ನಮ್ಮ ಸೊಸೆ ಕೂತಲ್ಲೇ ದುಡೀತಾಳೆ, ಸಾಬೂನು ಕಂಪನಿ ಕೆಲಸ ಅಂತ."

"ಮೊದಲು ಸಾಬೂನೇ ಇತ್ತು ಅತ್ತೆ."

"ಆಮೇಲೆ ಜನರನ್ನ ತೊಳೆಯೋಕೆ ಶುರು ಮಾಡಿದ್ಯಾ?" ಗಂಡ ಮೇಜಿಗೆ ಗುದ್ದಿದ. "ಸೋಮವಾರವೇ ಗೊತ್ತಿತ್ತು ನಿನಗೆ! ಅಕ್ಕನ ಮನೆ, ಹವಾ ಬದಲಾವಣೆ... ಬಾಯಿಬಿಟ್ಟು ಹೇಳೋಕೇನಾಗಿತ್ತು?"

"ಹೇಳಿದ್ರೆ ನೀವು..."

"ನಾನು ಏನು? ಹೊಡೀತಿದ್ನಾ? ಹದಿನಾಲ್ಕು ವರ್ಷದಲ್ಲಿ ಒಂದು ದಿನ ಕೈ ಎತ್ತಿದ್ದೀನಾ?"

"ನೀವು ನನ್ನ ನೋಡೋ ರೀತಿ ಬದಲಾಗುತ್ತಿತ್ತು. ಈಗ ಆಗಿದೆಯಲ್ಲ, ಹಾಗೆ."

ಒಲೆಯ ಮೇಲೆ ಆಲೂಗಡ್ಡೆ ತಳ ಹಿಡಿದ ವಾಸನೆ ಬಂತು. ಯಾರೂ ಎದ್ದು ಹೋಗಲಿಲ್ಲ.

"ಆ ನಿವೃತ್ತ ನೌಕರ ಬರೆದದ್ದು ತೋರಿಸು ನೋಡೋಣ," ಎಂದರು ಮಾವ ಮೊಮ್ಮಗಳಿಗೆ. ಅವಳು ಹುಡುಕಿ ಕೊಟ್ಟಳು. ಮಾವ ಒಂದೊಂದೇ ಓದುತ್ತ ಹೋದರು. ಮುಖ್ಯೋಪಾಧ್ಯಾಯಿನಿಯ ಬಗ್ಗೆ, ಮುಷ್ಕರ ಮಾಡಿದ ದಾದಿಯರ ಬಗ್ಗೆ, ಬಸ್ ದರ ಏರಿಸಿದ್ದನ್ನು ಹೊಗಳಿ. ಕನ್ನಡಕ ತೆಗೆದು ಸೊಸೆಯ ಕಡೆ ನೋಡಿದರು. "ಇದೆಲ್ಲ ನನ್ನ ಮಾತಲ್ವೇನಮ್ಮಾ? ಹೀಗೇ ತಾನೆ ನಾನು ಮಾತಾಡೋದು?"

ಅವಳು ತಲೆ ತಗ್ಗಿಸಿದಳು.

"ಆ ಮೇಷ್ಟರಮ್ಮನ್ನ ನಾನು ಕಂಡೇ ಇಲ್ಲ," ಎಂದರು ಮಾವ. ಬೈಯಲಿಲ್ಲ. ಆ ರಾತ್ರಿಯೂ ಮರುದಿನವೂ ಊಟಕ್ಕೆ ಬರಲಿಲ್ಲ. ತಟ್ಟೆ ಕೋಣೆಗೆ ಕೊಂಡೊಯ್ದದ್ದು ಅತ್ತೆ.

ಮುಂದಿನ ವಾರವೆಲ್ಲ ಮನೆಯ ಪರದೆಗಳು ಮುಚ್ಚಿಯೇ ಇದ್ದವು. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಚರಂಡಿಯ ಕಪ್ಪು ನೀರು ನಿಂತಿತ್ತು. ಸೊಸೆ ತಾನೇ ಬಗ್ಗಿ ತೊಳೆದಳು. ಎದುರು ಮನೆಯ ಕಿಟಕಿಯ ಪರದೆ ಅಲುಗಿತು, ಬಾಗಿಲು ತೆಗೆಯಲಿಲ್ಲ. ಗಂಡ ಅವಳೊಡನೆ ಆಡುವ ಮಾತು ಉಪ್ಪು, ನೀರು, ಬೀಗದಷ್ಟಕ್ಕೆ ಇಳಿಯಿತು. ಮಗಳು ಶಾಲೆಗೆ ಹೋಗುವುದಿಲ್ಲವೆಂದು ಹಟ ಹಿಡಿದಾಗ ಅವನೇ ಕೈಹಿಡಿದು ಬಿಟ್ಟು ಬರುತ್ತಿದ್ದ. ಫೋನ್ ಸದ್ದಾದರೆ ಸಾಕು, ಐದೂ ಜನ ಒಟ್ಟಿಗೆ ಬೆಚ್ಚುತ್ತಿದ್ದರು.

ಅತ್ತೆ ಒಬ್ಬರೇ ಹೊರಗೆ ಹೋಗುತ್ತಿದ್ದವರು. ಮಂಡಿ ನೋವಿನ ಕಾಲೆಳೆದುಕೊಂಡು ಹಾಲಿನ ಬೂತಿಗೆ ಹೋಗಿ ಬಂದು ಒಂದು ದಿನ ಹೇಳಿದರು: "ಸಾಲಿನಲ್ಲಿದ್ದೋರೆಲ್ಲ ನನ್ನ ಬಿಟ್ಟು ದೂರ ಸರಿದ್ರು. ಆ ಬೂತಿನವಳು ಮಾತ್ರ ಹಾಲು ಕೊಡೋವಾಗ ಕಿವಿ ಹತ್ರ ಬಂದು, 'ನಾನೂ ನೀರು ಕಾಯಿಸ್ತಿದ್ದೀನಿ ಅಜ್ಜಿ' ಅಂದ್ಲು."

"ಜೋರಾಗಿ ಹೇಳಬಹುದಿತ್ತಲ್ಲ," ಎಂದಳು ಮೊಮ್ಮಗಳು.

"ನಿನ್ನಪ್ಪನೇ ಜೋರಾಗಿ ಮಾತಾಡಲ್ಲ ಈಗ. ಅವಳನ್ನೇನು ಹೇಳ್ತೀಯ?"

ಎರಡನೆಯ ಶನಿವಾರ ಸದಸ್ಯರ ಕಚೇರಿಯಿಂದ ಒಬ್ಬ ಬಂದ. ಇಸ್ತ್ರಿ ಅಂಗಿ, ಮೆತ್ತನೆಯ ಮಾತು. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಬಂದು ಮಾವನಿಗೆ ಕೈಮುಗಿದ. "ಹಿರಿಯರಿಗೆ ಹೀಗಾಗಬಾರದಿತ್ತು. ಸಾಹೇಬ್ರು ತುಂಬ ನೊಂದ್ಕೊಂಡಿದ್ದಾರೆ. ಜನ ನೋಡಿ, ಯಾರ ಮಾತೂ ಕೇಳಲ್ಲ."

"ಏನು ಮಾಡಬೇಕು ಹೇಳಿ," ಎಂದ ಗಂಡ.

"ಒಂದು ಸಣ್ಣ ವಿಡಿಯೋ. ತಪ್ಪು ಮಾಹಿತಿಯಿಂದ ಕೇಳಿದೆ, ಈಗ ಸಮಾಧಾನವಾಗಿದೆ ಅಂದ್ರೆ ಸಾಕು. ಸಂಜೆ ಆರಕ್ಕೆಲ್ಲ ನಿಂತುಹೋಗುತ್ತೆ."

ಆರಕ್ಕೆ ಎಂಬ ಮಾತಿಗೆ ಸೊಸೆ ತಲೆಯೆತ್ತಿ ಅವನನ್ನು ನೋಡಿದಳು.

ಬಂದವರಿಗೆ ಬಾಯಾರಿಕೆ ಇರಬಹುದೆಂದು ಅತ್ತೆ ಒಂದು ಲೋಟ ನೀರು ತಂದಿಟ್ಟರು. ಅವನು ಲೋಟದ ಕಡೆ ನೋಡಿದ. "ಕಾಯಿಸಿದ್ದಾ?" ಎಂದು ಬಾಯಿ ತಪ್ಪಿ ಕೇಳಿಬಿಟ್ಟ. ಕೂಡಲೇ ನಾಲಿಗೆ ಕಚ್ಚಿಕೊಂಡು, "ಬೇಡಮ್ಮ, ನನ್ನ ಹತ್ರ ಇದೆ," ಎಂದು ಚೀಲದಿಂದ ಅಂಗಡಿಯ ಬಾಟಲಿ ತೆಗೆದ. ಮಾವ ಅವನನ್ನೇ ದಿಟ್ಟಿಸಿದರು.

"ಏನು ಹೇಳಬೇಕು ಅಂತ ಬರೆದು ತಂದಿದ್ದೀರಾ?" ಮಾವ ಕೇಳಿದರು.

"ಅದಕ್ಕೇನು ಸಾರ್," ಅವನು ಸೊಸೆಯ ಕಡೆ ತಿರುಗಿ ಮುಗುಳ್ನಕ್ಕ. "ಇವರೇ ಬರೆದುಕೊಡ್ತಾರೆ. ನಿಮ್ಮ ಥರ ಬರೆಯೋದು ಇವರಿಗೆ ಅಭ್ಯಾಸ ಇದೆಯಲ್ಲ."

ಸೊಸೆ ಮಾವನ ಮುಖ ನೋಡಿದಳು. ಮಾವ ಮೊಮ್ಮಗಳ ಕಡೆ ನೋಡಿದರು. ಅವಳು ಸೋಫಾದ ಮೂಲೆಯಲ್ಲಿ ಉಗುರು ಕಚ್ಚುತ್ತಿದ್ದಳು. ಹತ್ತು ದಿನದಲ್ಲಿ ಕಣ್ಣ ಕೆಳಗೆ ಕಪ್ಪಾಗಿತ್ತು.

"ಬರಿಯಮ್ಮ," ಎಂದರು ಮಾವ.

ಅವಳು ಅಡುಗೆಮನೆಯ ಮೇಜಿಗೆ ಹೋಗಿ ಬರೆದಳು. ಒಂದು ಪದಕ್ಕೂ ಕೈ ತಡೆಯಲಿಲ್ಲ. ಅದೇ ಅವಳನ್ನು ಇನ್ನಷ್ಟು ಹೆದರಿಸಿತು. ಗಂಡ ಫೋನ್ ಹಿಡಿದ. ಮಾವ ಕಾಗದವನ್ನು ಎರಡು ಸಲ ಓದಿಕೊಂಡು, ಅಂಗಿಯ ಗುಂಡಿ ಹಾಕಿಕೊಂಡು, ಕ್ಯಾಮೆರಾ ನೋಡಿ ಹೇಳಿದರು: "ನಾನು ಕಂಡದ್ದು ಹೇಳ್ತೀನಿ, ಕೇಳಿದ್ದಲ್ಲ. ವಯಸ್ಸಾಯ್ತು, ಕಣ್ಣು ಮೋಸ ಮಾಡ್ತು..." ಮೊಮ್ಮಗಳು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಸದ್ದು ವಿಡಿಯೋದಲ್ಲಿ ಬಿತ್ತೆಂದು ಇನ್ನೊಂದು ಸಲ ತೆಗೆಯಬೇಕಾಯಿತು. ಎರಡನೆಯ ಸಲ ಮಾವ ಇನ್ನೂ ಚೆನ್ನಾಗಿ ಹೇಳಿದರು.

ಆರಕ್ಕೆ ಎಲ್ಲ ನಿಂತಿತು.

ನಲ್ಲಿ ತಿರುಗಿಸಿದ ಹಾಗೆ ನಿಂತಿತು. ಐದೂ ಐವತ್ತೈದರವರೆಗೂ ಬಾಯಿಗೆ ಬಂದದ್ದು ಬರೆಯುತ್ತಿದ್ದವರು ಆರೂ ಐದರ ಹೊತ್ತಿಗೆ ಇರಲೇ ಇಲ್ಲ. ಗಂಡ, "ಸದ್ಯ, ಬದುಕಿದೆವು," ಎಂದು ಮುಖ ಒರೆಸಿಕೊಂಡ. ಅತ್ತೆ ಪರದೆ ಸರಿಸಿದರು. ಸೊಸೆ ಮಾತ್ರ ಫೋನನ್ನು ಮತ್ತೆ ಮತ್ತೆ ಎಳೆದು ನೋಡುತ್ತ ನಿಂತಳು. ಸಾವಿರಾರು ಜನರ ಸಿಟ್ಟನ್ನು ಯಾರೋ ಒಬ್ಬರು ಎಲ್ಲೋ ಕೂತು ಬೆರಳಲ್ಲಿ ಆರಿಸಿದ್ದರು. ಬೈಗುಳ ಬರುತ್ತಿದ್ದಾಗ ಇಷ್ಟು ಭಯ ಆಗಿರಲಿಲ್ಲ ಅವಳಿಗೆ.

ಮೂರನೆಯ ವಾರ ಗ್ಯಾಸ್ ಸಿಲಿಂಡರ್ ತರುವವನು ಬಂದ. ಖಾಲಿ ಸಿಲಿಂಡರನ್ನು ಹೆಗಲಿಗೇರಿಸುತ್ತ, "ಏನಮ್ಮಾ ಈ ಬೀದಿ ಕಥೆ? ಎಲ್ಲರ ಮನೇಲೂ ಈ ತಿಂಗಳು ಹತ್ತು ದಿನ ಮೊದಲೇ ಖಾಲಿ. ಮದುವೆ ಅಡುಗೆ ಮಾಡ್ತಿದ್ದೀರಾ ಎಲ್ಲರೂ?" ಎಂದು ನಕ್ಕ.

ಮಾವ ಕಿಟಕಿಯ ಬಳಿಯಿಂದ ಎದ್ದು ಬಂದರು. "ಎಲ್ಲರ ಮನೇಲೂನಾ? ಔಷಧಿ ಅಂಗಡಿಯವನದ್ದೂ?"

"ಅವರದ್ದೇ ಮೊದಲು ಬುಕ್ಕಾಗಿದ್ದು ಸಾರ್."

ಅವನು ಹೋದ ಮೇಲೆ ಮಾವ ಅಲ್ಲೇ ಸ್ಟೂಲಿನ ಮೇಲೆ ಕೂತರು. "ನೋಡಿದ್ಯೇನೇ," ಎಂದರು ಹೆಂಡತಿಗೆ. "ನನ್ನ ಮಾತು ಎಲ್ಲರೂ ನಂಬಿದ್ದಾರೆ. ಮನೆ ಒಳಗೆ ನಂಬಿದ್ದಾರೆ." ಅಂದು ಮಧ್ಯಾಹ್ನ ಬಂದು ಎಲ್ಲರ ಜೊತೆ ಕೂತು ಉಂಡರು. ಸೊಸೆ ಬಡಿಸಿದ್ದನ್ನು ಬೇಡ ಎನ್ನಲಿಲ್ಲ.

ತಿಂಗಳ ಕೊನೆಯ ಭಾನುವಾರ ಮತ್ತೆ ವಾರ್ಡಿನ ಸಭೆ. ಈ ಮನೆಯಿಂದ ಯಾರೂ ಹೋಗಲಿಲ್ಲ. ಸೋಮವಾರ ಮಧ್ಯಾಹ್ನ ಶಾಲೆಗೆ ರಜೆಯಿತ್ತು; ಮಗಳು ಫೋನ್ ಹಿಡಿದು ಬಂದು ಮೇಜಿನ ಮೇಲಿಟ್ಟಳು. ಹಾಲಿನ ಬೂತಿನವಳು ಸಭೆಯಲ್ಲಿ ಎದ್ದು ನಿಂತಿದ್ದಳು. ಕುತ್ತಿಗೆಯ ನರ ಉಬ್ಬಿತ್ತು. "ಆ ತಾತ ಕೇಳಿದ್ದನ್ನೇ ಕೇಳ್ತೀನಿ. ಹೌದೋ ಅಲ್ಲವೋ ಹೇಳಿ." ಅದರ ಕೆಳಗೆ ಅವಳ ಮುಖದ ಸುತ್ತ ಕೆಂಪು ಗೆರೆ. ಅವಳ ನಡಿಗೆ, ಅವಳ ಉಡುಪು, ಅವಳ ಹಲ್ಲು, ಎಲ್ಲಕ್ಕೂ ನಗು ಶುರುವಾಗಿತ್ತು. ಮೂರು ಆಶ್ಚರ್ಯಸೂಚಕಗಳೂ ಇದ್ದವು. ಎಲ್ಲಕ್ಕಿಂತ ಮೇಲೆ, "ನಾನು ಕಂಡದ್ದು ಹೇಳ್ತೀನಿ, ಕೇಳಿದ್ದಲ್ಲ" ಎಂದು ಶುರುವಾಗಿದ್ದ ನಾಲ್ಕು ಸಾಲು: ಈ ಹೆಂಗಸು ಹಾಲಿಗೆ ನೀರು ಬೆರೆಸುವವಳು. ಆ ಖಾತೆಯನ್ನು ಈಗ ಬೇರೆ ಯಾರೋ ನಡೆಸುತ್ತಿದ್ದರು.

ಮಾವ ಅದನ್ನು ಓದಿ ಫೋನನ್ನು ಮಗುಚಿಟ್ಟರು.

ಸೊಸೆ ಎದ್ದು ಚಪ್ಪಲಿ ಮೆಟ್ಟಿಕೊಂಡಳು.

"ಎಲ್ಲಿಗೆ?" ಎಂದ ಊಟಕ್ಕೆ ಮನೆಗೆ ಬಂದಿದ್ದ ಗಂಡ.

"ಬೂತಿನವಳ ಮನೆಗೆ. ಗಂಡ ಸತ್ತಿದ್ದಾನೆ, ಮನೇಲಿ ಒಬ್ಬಳೇ ಇರೋದು ಅವಳು."

"ಹುಚ್ಚಾ ನಿನಗೆ? ಈಗಷ್ಟೇ ನಿಂತಿದೆ. ನೀನು ಅಲ್ಲಿ ಕಾಲಿಟ್ರೆ ಸಂಜೆಯೊಳಗೆ ಮತ್ತೆ ನಮ್ಮ ಗೇಟು ಬರುತ್ತೆ. ಮಗಳ ಮುಖ ನೋಡಿದ್ದೀಯಾ?"

"ನೋಡಿದ್ದೀನಿ. ನನಗೂ ಹೆದರಿಕೆ ಇದೆ ರೀ. ಆದ್ರೆ ಬುಧವಾರ ಬೈಕು ಬರುತ್ತೆ ಅಂತ ಅವಳಿಗೆ ಗೊತ್ತಿಲ್ಲ. ನನಗೆ ಗೊತ್ತು. ಗೊತ್ತಿದ್ದೂ ಬಾಯಿ ಮುಚ್ಕೊಂಡು ಒಂದು ಸಲ ನೋಡಿ ಆಯ್ತಲ್ಲ."

ಗಂಡ ಬಾಗಿಲಿಗೆ ಅಡ್ಡ ನಿಂತ. ಅತ್ತೆ ಅಡುಗೆಮನೆಯಿಂದಲೇ ಹೇಳಿದರು: "ಬಿಡೋ, ಹೋಗಲಿ." ಆಮೇಲೆ ಸೊಸೆಗೆ: "ನಿನ್ನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ತಿಳ್ಕೋ. ಆದ್ರೆ ಹೋಗು."

ಹೊರಗೆ ಬಿಸಿಲು ರಾಚುತ್ತಿತ್ತು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಹಿಂದಿನಿಂದ ಮಾವನ ಕೆಮ್ಮು ಕೇಳಿಸಿತು. ಅವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬರುತ್ತಿದ್ದರು. ಸೊಸೆ ನಿಂತಳು. ಮಾವ ಪಕ್ಕದಲ್ಲಿ ನಡೆದರು. ಔಷಧಿ ಅಂಗಡಿಯವನು ಅವರನ್ನು ಕಂಡು ಒಳಗೆ ಸರಿದ. ಕಿಟಕಿಗಳ ಹಿಂದೆ ಯಾರ್‍ಯಾರು ಫೋನ್ ಎತ್ತುತ್ತಿದ್ದರೋ, ಅವಳು ತಲೆಯೆತ್ತಿ ನೋಡಲಿಲ್ಲ.

ಬೂತಿನವಳ ಮನೆ ಮೂರನೆಯ ತಿರುವಿನಲ್ಲಿ. ಬಾಗಿಲು ಹಾಕಿತ್ತು. ಒಳಗೆ ಫೋನ್ ಬಿಟ್ಟು ಬಿಟ್ಟು ಗುಂಯ್ ಎನ್ನುತ್ತಿದ್ದದ್ದು ಹೊರಗೇ ಕೇಳುತ್ತಿತ್ತು. ಸೊಸೆ ಬಾಗಿಲು ತಟ್ಟಿದಳು.

"ಯಾರು?" ದನಿ ಬಾಗಿಲಿಗೆ ಅಂಟಿಕೊಂಡೇ ಬಂತು. ಅವಳು ಅಲ್ಲೇ, ಆ ಹಲಗೆಯ ಹಿಂದೆಯೇ ನಿಂತಿದ್ದಳು.

"ನಾನು. ಪಂಪಿನವರ ಸೊಸೆ."

"ಆ ಕಾಮೆಂಟ್ ಬರೆಯೋಳಾ?"

"ಹೌದು. ಬರೀತಿದ್ದೋಳು."

"ಇಲ್ಲಿಗ್ಯಾಕೆ ಬಂದೆ? ಏನು ಬರೆಯೋಕೆ ಬಂದೆ?"

"ಬರೆಯೋಕಲ್ಲ. ನಾಳೆ ಏನು ಬರುತ್ತೆ, ನಾಡಿದ್ದು ಏನು ಬರುತ್ತೆ ಅಂತ ಹೇಳೋಕೆ ಬಂದೆ. ಕೇಳಿಸ್ಕೊಂಡು ಬೇಕಾದ್ರೆ ಬೈದು ಕಳಿಸು. ಬುಧವಾರ ನಾನು ನಿನ್ನ ಜೊತೆ ಇಲ್ಲೇ ಇರ್ತೀನಿ."

ಬೀದಿಯ ತಿರುವಿನಲ್ಲಿ ಒಂದು ಬೈಕು ವೇಗ ಇಳಿಸಿದ ಸದ್ದು ಕೇಳಿಸಿತು. ಸೊಸೆಯ ಅಂಗೈ ಬೆವತು ಬಾಗಿಲ ಮರದ ಮೇಲೆ ಜಾರಿತು. ಮಾವ ಮೆಟ್ಟಿಲ ಮೇಲೆ ನಿಧಾನವಾಗಿ ಕೂತರು, ಬೀದಿಗೆ ಮುಖ ಮಾಡಿ.

"ನಾನೂ ಇದ್ದೀನಮ್ಮಾ," ಎಂದರು ಬಾಗಿಲಿನ ಕಡೆ ತಿರುಗದೆ. "ಅವಸರ ಇಲ್ಲ. ನೀನು ತೆಗೆಯೋವರೆಗೂ ಕೂತಿರ್ತೀವಿ."

ಬೈಕು ಹೋಯಿತೋ ನಿಂತಿತೋ ತಿಳಿಯಲಿಲ್ಲ. ತುಂಬ ಹೊತ್ತಾದ ಮೇಲೆ ಒಳಗೆ ಚಿಲಕ ಸರಿಯಿತು.